ಮಾತಿಲ್ಲದ ಪಾತ್ರ ಸಿಕ್ಕರೆ ಬಿಡಬೇಡಿ

ನಟನೆ ಕಲಿಯಬೇಕೆಂದು ನನ್ನ ಬಳಿ ಬರುವವರ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ ಅಚ್ಚಿನವು. ಪೋರ್ಟ್‌ಫೋಲಿಯೊಗೆ ಎಷ್ಟು ಖರ್ಚಾಗುತ್ತದೆ, ಜಿಮ್‌ಗೆ ಸೇರಬೇಕೇ, ಧಾರಾವಾಹಿಯವರು ಯಾರಾದರೂ ನಿಮಗೆ ಪರಿಚಯವೇ? ನಾಟ್ಯಶಾಸ್ತ್ರ ಆಂಗಿಕ (ದೇಹದ್ದು), ವಾಚಿಕ (ಮಾತಿನದು), ಆಹಾರ್ಯ, ಸಾತ್ವಿಕ (ಒಳಗಿನ ಭಾವದ್ದು) ಎಂದು ಅಭಿನಯವನ್ನು ನಾಲ್ಕಾಗಿ ವಿಂಗಡಿಸಿದೆ. ನಮ್ಮ ಹೊಸಬರು ಆಹಾರ್ಯದಿಂದ, ಅಂದರೆ ವೇಷಭೂಷಣದಿಂದ, ಆರಂಭಿಸಿ ಬಹುತೇಕ ಅಲ್ಲಿಯೇ ನಿಂತುಬಿಡುತ್ತಾರೆ. ಈಗ ಊರಿನಲ್ಲಿ ಯಾವ ತಂಡ ಹೊಸ ನಾಟಕದ ತಾಲೀಮು ಶುರು ಮಾಡಿದೆ ಎಂದು ಕೇಳುವವರು ಅಪರೂಪ. ಬೆಂಗಳೂರಿನಲ್ಲಿದ್ದುಕೊಂಡು ನಟನೆಗೆ ಕಾಲಿಡುವವರು ಮೊದಲು ಕೇಳಬೇಕಾದದ್ದು ಇದನ್ನೇ.

ನಟರಂಗ, ಬೆನಕ, ಸಮುದಾಯ ಮೊದಲಾದ ತಂಡಗಳು 1970ರ ದಶಕದಲ್ಲಿ ಹುಟ್ಟಿದಾಗ ಅವುಗಳಿಗೆ ಬಲ ತುಂಬಿದವರಲ್ಲಿ ಬಹಳ ಮಂದಿ ಬ್ಯಾಂಕು, ಕಾರ್ಖಾನೆ, ಕಾಲೇಜು ಮುಗಿಸಿ ಸಂಜೆ ತಾಲೀಮಿಗೆ ಬರುತ್ತಿದ್ದವರು. ಇಂದಿಗೂ ಕ್ರಮ ಅದೇ. ಬ್ಯಾಂಕಿನ ಜಾಗಕ್ಕೆ ಸಾಫ್ಟ್‌ವೇರ್ ಕಂಪನಿ ಬಂದಿದೆ, ತಾಲೀಮಿಗೆ ತಡವಾಗಲು ಮೆಟ್ರೊ ಕಾಮಗಾರಿ ಎಂಬ ಹೊಸ ಕಾರಣ ಸಿಕ್ಕಿದೆ. ಹನುಮಂತನಗರದಲ್ಲೋ ಮಲ್ಲೇಶ್ವರದಲ್ಲೋ ಶಾಲೆಯ ಕೊಠಡಿಯಲ್ಲಿ, ಯಾರದೋ ಮನೆಯ ತಾರಸಿಯಲ್ಲಿ, ಸಂಜೆಯ ಹೊತ್ತು ತಾಲೀಮು ನಡೆಯುತ್ತದೆ. ತಂಡವನ್ನು ಹುಡುಕುವುದು ಕಷ್ಟವಲ್ಲ. ರವೀಂದ್ರ ಕಲಾಕ್ಷೇತ್ರ, ಅದರ ಹಿಂಬದಿಯ ಸಂಸ ಬಯಲು ರಂಗಮಂದಿರ, ಕೆ.ಎಚ್. ಕಲಾಸೌಧ, ಜೆ.ಪಿ. ನಗರದ ರಂಗಶಂಕರ, ಇಷ್ಟು ಕಡೆ ಒಂದೆರಡು ತಿಂಗಳು ಬಿಡದೆ ನಾಟಕ ನೋಡಿ. ರಂಗಶಂಕರಕ್ಕೆ ಹೋಗುವುದಾದರೆ ಬೇಗ ಹೊರಡಿ; ನಾಟಕ ಶುರುವಾದ ಮೇಲೆ ಬಂದವರನ್ನು ಅಲ್ಲಿ ಒಳಗೆ ಬಿಡುವುದಿಲ್ಲ. ನಟನಾಗಬೇಕೆನ್ನುವವನಿಗೆ ಈ ಶಿಸ್ತು ಟಿಕೆಟ್ ಬೆಲೆಯಲ್ಲೇ ಸಿಗುವ ಪಾಠ. ನಾಟಕ ಮುಗಿದು ಕಲಾವಿದರ ಪರಿಚಯವಾದ ಮೇಲೆ ಮನೆಗೆ ಓಡಬೇಡಿ. ನಿಮಗೆ ಹಿಡಿಸಿದ ತಂಡದ ನಿರ್ದೇಶಕರ ಬಳಿ ಹೋಗಿ, ‘ಮುಂದಿನ ನಾಟಕಕ್ಕೆ ಯಾವ ಕೆಲಸವಿದ್ದರೂ ಬರುತ್ತೇನೆ ಸರ್’ ಎನ್ನಿ. ‘ಯಾವ ಪಾತ್ರವಿದ್ದರೂ’ ಎನ್ನಬೇಡಿ. ಕೆಲಸ ಎಂದವರ ಫೋನ್ ನಂಬರನ್ನು ನಾವು ಬರೆದುಕೊಳ್ಳುತ್ತೇವೆ.

ಹಾಗೆ ಹೋದವರಿಗೆ ಮೊದಲು ಸಿಗುವುದು ರಂಗಪರಿಕರ ಜೋಡಿಸುವುದು, ಬಾರದ ನಟನ ಬದಲು ಸಂಭಾಷಣೆ ಓದುವುದು, ಚಹಾ ತರುವುದು, ಹಿಂದೆ ಗುಂಪಿನಲ್ಲಿ ನಿಲ್ಲುವುದು. ಅದೃಷ್ಟವಿದ್ದರೆ ಮಾತಿಲ್ಲದ ಒಂದು ಪಾತ್ರ. ಇಲ್ಲಿ ಮುಖ ಸಪ್ಪೆ ಮಾಡಿಕೊಂಡು ತಾಲೀಮು ಬಿಟ್ಟವರನ್ನು ನಾನು ಬಹಳ ನೋಡಿದ್ದೇನೆ. ನನ್ನ ಪ್ರಕಾರ ಹೊಸಬರಿಗೆ ಅದಕ್ಕಿಂತ ಒಳ್ಳೆಯ ಪಾತ್ರ ಬೇರೆಯಿಲ್ಲ.

ಕಾರಣ ಹೇಳುತ್ತೇನೆ. ಹೊಸ ನಟನಿಗೆ ಒಂದು ಪುಟ ಸಂಭಾಷಣೆ ಕೊಟ್ಟರೆ ಅವನು ಅದರ ಹಿಂದೆ ಅಡಗಿಕೊಳ್ಳುತ್ತಾನೆ. ತನ್ನ ಸರದಿ ಬಂದಾಗ ಗಟ್ಟಿಯಾಗಿ ಒಪ್ಪಿಸುತ್ತಾನೆ. ಎದುರಿನವರು ಮಾತಾಡುವಾಗ ಅವನ ಕಣ್ಣು ಖಾಲಿ, ತುಟಿ ಮಾತ್ರ ಮುಂದಿನ ಸಾಲನ್ನು ಮೆಲ್ಲಗೆ ಜಪಿಸುತ್ತಿರುತ್ತದೆ. ಕೊನೆಯ ಸಾಲಿನ ಪ್ರೇಕ್ಷಕನಿಗೂ ಅದು ಕಾಣುತ್ತದೆ. ಸಂಭಾಷಣೆಯೇ ಇಲ್ಲದ ಪಾತ್ರದಲ್ಲಿ ಜಪಿಸಲು ಏನೂ ಇಲ್ಲ. ಯಜಮಾನ, ಮಗಳು ಜಗಳವಾಡುತ್ತಿದ್ದಾರೆ, ನೀವು ನೀರು ತಂದಿಟ್ಟು ನಿಂತ ಆಳು ಎಂದುಕೊಳ್ಳಿ. ನೀವು ಈ ಮನೆಯಲ್ಲಿ ಎಷ್ಟು ವರ್ಷದಿಂದ ಇದ್ದೀರಿ? ಆ ಮಗಳನ್ನು ಎತ್ತಿ ಆಡಿಸಿದವರೋ, ಮೊನ್ನೆ ಸೇರಿದವರೋ? ಈ ತಿಂಗಳ ಸಂಬಳ ಕೈಗೆ ಬಂದಿದೆಯೇ? ಇವುಗಳಿಗೆ ಉತ್ತರ ಸಿಕ್ಕರೆ ಲೋಟ ಇಡುವ ರೀತಿಯೇ ಬೇರೆಯಾಗುತ್ತದೆ. ರಷ್ಯಾದ ರಂಗಗುರು ಸ್ಟಾನಿಸ್ಲಾವ್‌ಸ್ಕಿ ನಟರಿಗೆ ಮತ್ತೆ ಮತ್ತೆ ಹೇಳಿದ್ದು ಪಾತ್ರದ ಸನ್ನಿವೇಶವನ್ನು ಹೀಗೆ ಕೆದಕಿ ನೋಡಲು: ಎಲ್ಲಿದ್ದೇನೆ, ಎಲ್ಲಿಂದ ಬಂದೆ, ಈಗ ನನಗೆ ಏನು ಬೇಕು. ಭಾವವನ್ನು ನೇರವಾಗಿ ಹಿಡಿಯಲು ಹೋದರೆ ಹುಬ್ಬು ಕುಣಿಯುತ್ತದೆ, ಅಷ್ಟೆ. ಬೇಕಾದದ್ದನ್ನು ಪಡೆಯಲು ಪಾತ್ರ ಏನು ಮಾಡುತ್ತದೆ ಎಂಬುದನ್ನು ಹಿಡಿದರೆ ಭಾವ ತಾನಾಗಿ ಜೊತೆಗೆ ಬರುತ್ತದೆ.

ನನ್ನ ಕಾರ್ಯಾಗಾರದಲ್ಲಿ ಇದಕ್ಕೊಂದು ಅಭ್ಯಾಸವಿದೆ. ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯುವ ಐದಾರು ಜನ. ಯಾರೂ ಮಾತಾಡುವಂತಿಲ್ಲ. ಅವರಲ್ಲಿ ಒಬ್ಬರಿಗೆ ಮಾತ್ರ ಗುಟ್ಟಾಗಿ ಹೇಳಿರುತ್ತೇನೆ: ಆಸ್ಪತ್ರೆಯಿಂದ ಫೋನ್ ಬರಬೇಕಿದೆ. ಆ ಒಬ್ಬರು ಯಾರೆಂದು ನೋಡುತ್ತಿರುವವರು ಹೇಳಬೇಕು. ಮೊದಲ ದಿನ ಉತ್ತರ ತಟ್ಟನೆ ಸಿಗುತ್ತದೆ, ಏಕೆಂದರೆ ಆ ವ್ಯಕ್ತಿ ಹಣೆ ಒರೆಸಿಕೊಂಡು, ಗಡಿಯಾರ ನೋಡಿ, ನಿಟ್ಟುಸಿರು ಬಿಟ್ಟು ಎಲ್ಲವನ್ನೂ ತೋರಿಸಿಬಿಡುತ್ತಾರೆ. ದಿನ ಕಳೆದಂತೆ ತೋರಿಕೆ ಕಡಿಮೆಯಾಗುತ್ತದೆ. ಒಮ್ಮೆ ಒಬ್ಬ ಹುಡುಗಿ ಮೊಬೈಲ್‌ನ ಚಾರ್ಜ್ ನೋಡಿ, ಪರದೆಯ ಬೆಳಕು ತಗ್ಗಿಸಿ ಸುಮ್ಮನೆ ಕುಳಿತಳು. ಕೊಠಡಿಯಲ್ಲಿ ಎಲ್ಲರಿಗೂ ಗೊತ್ತಾಯಿತು. ‘ಕೈ ಎಲ್ಲಿಡಲಿ ಸರ್’ ಎಂದು ಕೇಳುವವರಿಗೂ ನನ್ನ ಉತ್ತರ ಇದೇ: ಕೈಗೆ ಒಂದು ಕೆಲಸ ಕೊಡಿ, ಆಗ ಅದನ್ನು ಎಲ್ಲಿಡಬೇಕೆಂಬ ಚಿಂತೆ ಇರುವುದಿಲ್ಲ.

ಇನ್ನು ವಾಚಿಕ. ದಿನಪತ್ರಿಕೆಯನ್ನು ದಿನವೂ ಕಾಲು ಗಂಟೆ ಗಟ್ಟಿಯಾಗಿ ಓದಿ, ಮೊಬೈಲ್‌ನಲ್ಲಿ ಧ್ವನಿಮುದ್ರಿಸಿ ಕೇಳಿ. ಹಕಾರ ಎಲ್ಲಿ ಅಕಾರವಾಯಿತು, ಶ ಎಲ್ಲಿ ಸ ಆಯಿತು, ಳ ಎಲ್ಲಿ ಲ ಆಯಿತು, ವಾಕ್ಯದ ಕೊನೆಯ ಕ್ರಿಯಾಪದ ಎಲ್ಲಿ ಗಂಟಲಲ್ಲೇ ಕರಗಿತು ಎಂದು ಗುರುತು ಹಾಕಿಕೊಳ್ಳಿ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಯಲ್ಲಿ ಬರುತ್ತದೆ, ಹೊಸಬರ ಉಸಿರು ಮುಗಿಯುವುದೂ ಅಲ್ಲಿಯೇ. ಉಸಿರಿಗೆ ಭಾಮಿನೀ ಷಟ್ಪದಿಯ ಪದ್ಯಗಳಂಥ ವ್ಯಾಯಾಮ ಇನ್ನೊಂದಿಲ್ಲ: ಆರು ಸಾಲುಗಳಲ್ಲಿ ಮೂರನೆಯದು ಮತ್ತು ಆರನೆಯದು ಉದ್ದ, ಎಲ್ಲಿ ಉಸಿರು ಎಳೆದುಕೊಳ್ಳಬೇಕೆಂದು ಪದ್ಯವೇ ಕಲಿಸುತ್ತದೆ. ಉಚ್ಚಾರ ತಿದ್ದಿಕೊಳ್ಳಿ ಎಂದರೆ ನಿಮ್ಮ ಊರಿನ ಮಾತನ್ನು ಮರೆಯಿರಿ ಎಂದಲ್ಲ. ಧಾರವಾಡದ್ದೋ ಕುಂದಾಪುರದ್ದೋ ಚಾಮರಾಜನಗರದ್ದೋ ಮಾತು ಸಹಜವಾಗಿ ಬರುವವರಿಗೆ ಈಗ ಬೇಡಿಕೆ ಇದೆ. ಬೆಂಗಳೂರಿಗೆ ಬಂದ ಮೇಲೆ ಅದನ್ನು ಒರೆಸಿ ಹಾಕಿಕೊಳ್ಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಶಾಲೆಗಳ ವಿಷಯ ಚುಟುಕಾಗಿ. ಒಂದು ವರ್ಷ ಬಿಡುವು ಮಾಡಿಕೊಳ್ಳಬಲ್ಲವರಿಗೆ ಹೆಗ್ಗೋಡಿನ ನೀನಾಸಮ್ ರಂಗಶಿಕ್ಷಣ ಕೇಂದ್ರವಿದೆ, 1980ರಿಂದ ನಡೆಯುತ್ತಿದೆ. ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರದಲ್ಲೂ ಒಂದು ವರ್ಷದ ಕೋರ್ಸ್ ಇದೆ. ಕೆಲಸ ಬಿಡಲಾಗದವರಿಗೆ ಎ.ಎಸ್. ಮೂರ್ತಿಯವರು ಕಟ್ಟಿದ ‘ಅಭಿನಯ ತರಂಗ’ದಂತಹ ಭಾನುವಾರದ ಶಾಲೆ. ಹಲವು ತಂಡಗಳು ಶುಲ್ಕ ಪಡೆದು, ಕೊನೆಗೆ ನಾಟಕವಾಡಿಸುವ ಕಾರ್ಯಾಗಾರಗಳನ್ನೂ ನಡೆಸುತ್ತವೆ. ಸೇರುವ ಮುನ್ನ ಒಂದೇ ಪ್ರಶ್ನೆ ಕೇಳಿ: ತಾಲೀಮು ಎಷ್ಟು ವಾರ? ಉತ್ತರದಲ್ಲಿ ತಾಲೀಮಿಗಿಂತ ಪ್ರಮಾಣಪತ್ರದ ಮಾತೇ ಹೆಚ್ಚಾದರೆ ಎದ್ದು ಬನ್ನಿ. ಆಡಿಷನ್‌ನಲ್ಲಿ ಪ್ರಮಾಣಪತ್ರ ಕೇಳಿದವರನ್ನು ನಾನು ಇದುವರೆಗೆ ಕಂಡಿಲ್ಲ.

ಎರಡು ಮೂರು ನಾಟಕಗಳ ನಂತರ ಕ್ಯಾಮೆರಾ ಕಡೆ ಹೋಗಿ. ‘ಸಂಚಾರಿ’ ತಂಡದ ಹೆಸರನ್ನೇ ತಮ್ಮ ಹೆಸರಿಗೆ ಕಟ್ಟಿಕೊಂಡು ರಾಷ್ಟ್ರಪ್ರಶಸ್ತಿಯವರೆಗೆ ಹೋದ ಸಂಚಾರಿ ವಿಜಯ್ ಈ ದಾರಿಯವರು. ಅಲ್ಲಿಯ ಕಷ್ಟಗಳು ಬೇರೆ. ದೃಶ್ಯಗಳನ್ನು ಕಥೆಯ ಕ್ರಮದಲ್ಲಿ ಚಿತ್ರೀಕರಿಸುವುದಿಲ್ಲ, ಮದುವೆಗೆ ಮೊದಲೇ ವಿಚ್ಛೇದನ ಮುಗಿದಿರಬಹುದು. ದೂರದ ಶಾಟ್‌ನಲ್ಲಿ ಯಾವ ಮಾತಿಗೆ ಬಲಗೈಯಿಂದ ಲೋಟ ಎತ್ತಿದಿರೋ, ಕ್ಲೋಸಪ್‌ನಲ್ಲೂ ಅದೇ ಮಾತಿಗೆ ಅದೇ ಕೈ. ಧಾರಾವಾಹಿಯ ಸೆಟ್‌ನಲ್ಲಿ ಸಂಭಾಷಣೆಯ ಹಾಳೆ ಅಂದೇ ಕೈಸೇರುತ್ತದೆ, ಪ್ರಾಂಪ್ಟಿಂಗ್, ಅಂದರೆ ಪಕ್ಕದಿಂದ ಸಾಲು ಹೇಳಿಕೊಡುವುದನ್ನು, ಕೇಳಿಸಿಕೊಂಡೂ ಕೇಳಿಸದಂತಿರಬೇಕು. ಎದುರಿನವರನ್ನು ಕೇಳಿಸಿಕೊಳ್ಳಲು ಕಲಿತವರು ಇಲ್ಲಿ ಬೇಗ ಹೊಂದಿಕೊಳ್ಳುತ್ತಾರೆ. ಕಲಾಕ್ಷೇತ್ರದ ಕೊನೆಯ ಸಾಲಿಗೆ ಕೂಗಿ ಅಭ್ಯಾಸವಾದವರು ಧ್ವನಿಯನ್ನಷ್ಟು ತಗ್ಗಿಸಿದರೆ ಸಾಕು.

ಆಡಿಷನ್‌ಗೆ ವಿಡಿಯೊ ಕಳಿಸುವಾಗ ಖಾಲಿ ಗೋಡೆಯ ಮುಂದೆ, ಕಿಟಕಿಯ ಬೆಳಕು ಮುಖಕ್ಕೆ ಬೀಳುವಂತೆ ನಿಂತು, ಮೊಬೈಲ್ ಅಡ್ಡ ಹಿಡಿದು ಚಿತ್ರೀಕರಿಸಿ. ಹೆಸರು, ಎತ್ತರ, ಬರುವ ಭಾಷೆಗಳು, ಎರಡೂ ಪಕ್ಕದ ಮುಖ, ಬಳಿಕ ಒಂದು ಚಿಕ್ಕ ದೃಶ್ಯ. ಹಿನ್ನೆಲೆ ಸಂಗೀತ ಬೇಡ, ಫಿಲ್ಟರ್ ಬೇಡ.

ಹಣದ ಮಾತು. ಹವ್ಯಾಸಿ ರಂಗಭೂಮಿಯಲ್ಲಿ ಸಂಭಾವನೆ ಸಾಮಾನ್ಯವಾಗಿ ಇರುವುದಿಲ್ಲ, ಆದ್ದರಿಂದ ಕೈಲಿರುವ ಉದ್ಯೋಗ ಬಿಡಬೇಡಿ. ಆದರೆ ಪಾತ್ರ ಕೊಡುತ್ತೇವೆಂದು ನೋಂದಣಿ ಶುಲ್ಕ, ಕಾರ್ಡ್ ಶುಲ್ಕ, ವೇಷಭೂಷಣದ ಮುಂಗಡ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕೆಲಸ ಮಾಡಿದವರಿಗೆ ನಿರ್ಮಾಪಕ ಹಣ ಕೊಡುತ್ತಾನೆ, ಕೇಳುವುದಿಲ್ಲ. ನಿರ್ಮಾಣ ಸಂಸ್ಥೆಯ ಹೆಸರು ಹೇಳಲು ತಡವರಿಸುವವರು, ಆಡಿಷನ್ನನ್ನು ಹೋಟೆಲ್ ಕೊಠಡಿಯಲ್ಲಿ ಇಡುವವರು, ಜೊತೆಗೆ ಯಾರೂ ಬರಬಾರದು ಎನ್ನುವವರು, ಈ ಮೂವರ ಕರೆಗೂ ಹೋಗಬೇಕಾದ ಅಗತ್ಯವಿಲ್ಲ, ಅವಕಾಶ ಎಷ್ಟೇ ದೊಡ್ಡದೆಂದು ಹೇಳಿದರೂ.

ವಯಸ್ಸಾಯಿತು, ಇನ್ನು ಆದೀತೇ ಎಂದು ಕೇಳುವ ನಲವತ್ತು, ಐವತ್ತು ದಾಟಿದವರೂ ಇದ್ದಾರೆ. ನೀವು ಖಂಡಿತ ಬನ್ನಿ, ನಿವೃತ್ತರಾಗಿದ್ದರೆ ಇನ್ನೂ ಒಳ್ಳೆಯದು, ತಾಲೀಮಿಗೆ ಸಮಯಕ್ಕೆ ಬರುತ್ತೀರಿ. ಇಪ್ಪತ್ತೈದರ ಹುಡುಗನ ತಲೆಗೆ ಬಿಳಿ ಪೌಡರ್ ಬಳಿದು ಅಜ್ಜನನ್ನಾಗಿ ಮಾಡಿ ನಮಗೂ ಸಾಕಾಗಿದೆ.