ವಕೀಲರ ತಿಂಗಳ ಫೀಸಿನಲ್ಲಿ ಏನೆಲ್ಲ ಸೇರುತ್ತದೆ?

ಉಡುಪಿ, ಮಲ್ಪೆ ಕಡೆಯ ವ್ಯಾಪಾರಸ್ಥರು ನನ್ನ ಹತ್ತಿರ ರಿಟೇನರ್ (ತಿಂಗಳ ಫೀಸಿಗೆ ಕಾಯಂ ವಕೀಲರನ್ನು ಇಟ್ಟುಕೊಳ್ಳುವ ಒಪ್ಪಂದ) ಮಾತಾಡಲು ಬಂದಾಗ ಹೆಚ್ಚಾಗಿ ಒಂದೇ ಪ್ರಶ್ನೆ ಕೇಳುತ್ತಾರೆ: "ತಿಂಗಳಿಗೆ ಎಷ್ಟು?" ಆ ದುಡ್ಡಿಗೆ ಯಾವ ಕೆಲಸ ಸೇರುತ್ತದೆ, ಯಾವುದು ಸೇರುವುದಿಲ್ಲ ಎಂದು ಕೇಳುವವರು ಕಡಿಮೆ. ಬರೆದುಕೊಳ್ಳೋಣ ಅಂದರೆ, "ನಮ್ಮ ವಕೀಲರೇ ಅಲ್ವಾ, ಬರೆಯುವುದು ಎಂಥದ್ದು ಮಾರಾಯ್ರೆ" ಅನ್ನುತ್ತಾರೆ. ಈ ದಾಕ್ಷಿಣ್ಯವೇ ಮುಂದೆ ಜಗಳಕ್ಕೆ ದಾರಿ.

ಒಂದು ಐಸ್ ಪ್ಲಾಂಟ್ ಇದೆ ಅಂದುಕೊಳ್ಳಿ. ಬೋಟಿನವರು ಸಾಲಕ್ಕೆ ಐಸ್ ಒಯ್ಯುತ್ತಾರೆ, ಚೆಕ್ ಕೊಡುತ್ತಾರೆ, ಅದು ಬೌನ್ಸ್ ಆಗುತ್ತದೆ. ಚೆಕ್ ವಾಪಸಾಗಿದೆ ಎಂಬ ಬ್ಯಾಂಕಿನ ಮೆಮೊ ಸಿಕ್ಕಿದ 30 ದಿನದೊಳಗೆ ನೋಟಿಸ್ ಕೊಡಬೇಕು. ನೋಟಿಸ್ ತಲುಪಿದ ಮೇಲೆ ಹಣ ಕಟ್ಟಲು 15 ದಿನ. ಕಟ್ಟದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಕೋರ್ಟಿಗೆ ದೂರು. ನೋಟಿಸ್ ತಿಂಗಳ ಫೀಸಿನಲ್ಲೇ ಬರುತ್ತದೆ ಎಂಬುದರಲ್ಲಿ ಇಬ್ಬರಿಗೂ ಅನುಮಾನವಿಲ್ಲ. ಆದರೆ ಕೇಸ್ ಹಾಕುವುದು? ಅದೂ ಸೇರಿದೆ ಎಂದು ಮಾಲೀಕರು ನಿಶ್ಚಿಂತೆಯಿಂದ ಇರುತ್ತಾರೆ. ಬೇರೆ ಫೀಸ್ ತರುತ್ತಾರೆ ಎಂದು ವಕೀಲರು ಕಾಯುತ್ತಿರುತ್ತಾರೆ. ಯಾರೂ ಬಾಯಿ ಬಿಡುವುದಿಲ್ಲ. ಆ ತಿಂಗಳು ಕಳೆದುಹೋದರೆ, ತಡವಾದದ್ದಕ್ಕೆ ತಕ್ಕ ಕಾರಣ ಕೊಟ್ಟು ಕೋರ್ಟನ್ನು ಒಪ್ಪಿಸಬೇಕಾಗುತ್ತದೆ.

ಹಾಗಾಗಿ ನಾನು ಒಪ್ಪಂದದಲ್ಲಿ ಮೊದಲು ಬರೆಯುವುದೇ ಇದನ್ನು: ಫೋನಿನಲ್ಲಿ ಸಲಹೆ, ಕರಾರು ಓದಿ ತಿದ್ದುವುದು, ನೋಟಿಸ್ ಮತ್ತು ಅದಕ್ಕೆ ಉತ್ತರ, ಇಷ್ಟು ತಿಂಗಳ ಫೀಸಿನ ಒಳಗೆ. ಕೋರ್ಟಿನ ಕೇಸಿಗೆ ಬೇರೆ ಫೀಸ್, ಬೇರೆ ವಕಾಲತ್ತು. ಮೆಮೊ ಬಂದ ದಿನವೇ ಅದರ ಫೋಟೋ ವಕೀಲರಿಗೆ ಕಳಿಸಬೇಕು ಎಂಬ ಸಾಲನ್ನೂ ಸೇರಿಸುತ್ತೇನೆ. ನನಗೆ ಈ ಸಾಲು ಫೀಸಿನ ಮೊತ್ತಕ್ಕಿಂತ ಮುಖ್ಯ.

ಮಳೆಗಾಲದ ಮಾತೂ ಮೊದಲೇ ಆಗಿಬಿಡಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟ್ ದಡದಲ್ಲಿದ್ದರೆ ಐಸ್ ಪ್ಲಾಂಟಿಗೂ ವ್ಯಾಪಾರವಿಲ್ಲ. ಆ ಎರಡು ತಿಂಗಳು ಅರ್ಧ ಫೀಸ್ ಎಂದು ಕೇಳಿ, ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಇನ್ನು ದುಡ್ಡಿನ ಲೆಕ್ಕ. ಪಾರ್ಟಿ ಕೊಟ್ಟ ಹಣ ಫೀಸಿಗೋ ಖರ್ಚಿಗೋ ಎಂದು ವಕೀಲರು ಬರೆದಿಡಬೇಕು. ನೀವು ಕೇಳಿದರೆ ಲೆಕ್ಕದ ಪ್ರತಿ ಕೊಡಬೇಕು. ಇದು ಭಾರತೀಯ ವಕೀಲರ ಪರಿಷತ್ತಿನ ನಿಯಮ. ಕೋರ್ಟ್ ಶುಲ್ಕಕ್ಕೆ ಕೊಟ್ಟದ್ದನ್ನು ಫೀಸಿನ ಜೊತೆ ಕಲಸಿದರೆ ಆಮೇಲೆ ಯಾರಿಗೂ ನೆನಪಿರುವುದಿಲ್ಲ. "ಕೇಸ್ ಗೆದ್ದರೆ ಬಂದದ್ದರಲ್ಲಿ ನಿಮಗೂ ಪಾಲು" ಎಂಬ ಒಪ್ಪಂದವನ್ನು ಮಾತ್ರ ಯಾವ ವಕೀಲರ ಹತ್ತಿರವೂ ಮಾಡಬೇಡಿ. ಅದೇ ನಿಯಮಗಳು ವಕೀಲರಿಗೆ ಇದನ್ನು ನಿಷೇಧಿಸಿವೆ.

ಸಂಬಂಧ ಮುಗಿಸುವ ಬಗ್ಗೆಯೂ ಬರೆದಿರಲಿ. ಯಾರು ಬಿಡುವುದಿದ್ದರೂ ಒಂದು ತಿಂಗಳು ಮುಂಚೆ ಹೇಳಬೇಕು ಎಂದಿದ್ದರೆ ಸಾಕು. ಫೀಸ್ ಬಾಕಿ ಇದೆ ಎಂದು ಫೈಲ್ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ, ಸುಪ್ರೀಂ ಕೋರ್ಟ್ ಇದನ್ನು 2000ದಲ್ಲೇ ಹೇಳಿದೆ. ಹಾಗೆಂದು ಬಾಕಿ ಮನ್ನಾ ಆಗುವುದಿಲ್ಲ, ವಕೀಲರು ಅದನ್ನು ಬೇರೆ ದಾವೆಯಲ್ಲಿ ಕೇಳಬಹುದು. ಇನ್ನೊಂದು ವಿಷಯ: ಸುಪ್ರೀಂ ಕೋರ್ಟಿನ 2024ರ ಮೇ ತಿಂಗಳ ತೀರ್ಪಿನ ನಂತರ ವಕೀಲರ ಸೇವೆಯಲ್ಲಿ ಕೊರತೆಯಾಯಿತೆಂದು ಗ್ರಾಹಕ ಆಯೋಗಕ್ಕೆ ಹೋಗುವಂತಿಲ್ಲ. ದುರ್ನಡತೆಯ ದೂರಿದ್ದರೆ ರಾಜ್ಯ ವಕೀಲರ ಪರಿಷತ್ತಿಗೆ ಕೊಡಬೇಕು, ನಷ್ಟ ಕೇಳುವುದಿದ್ದರೆ ಸಿವಿಲ್ ಕೋರ್ಟಿಗೆ. ಎರಡೂ ಕಡೆ ಮೊದಲು ಕೇಳುವುದು ನಿಮ್ಮ ಹತ್ತಿರ ಬರಹದಲ್ಲಿ ಏನಿದೆ ಎಂದೇ.