ಸೀಟಿನ ಮೇಲೆ ಟವೆಲ್ ಹಾಕಿ ಹೋದವರು

ಮಾರ್ಚ್ ಕೊನೆಯ ವಾರ, ರಾತ್ರಿ ಎಂಟು ಗಂಟೆ. ಆಡಿಟರ್ ಆಫೀಸೊಂದರಿಂದ ಫೋನ್ ಬಂತು. “ಸರ್, ಸರ್ವರ್ ಒಳಗೇ ಬಿಡ್ತಿಲ್ಲ. ಎಲ್ಲರೂ ಮನೆಗೆ ಹೋಗಿದ್ದಾರೆ, ಇರೋದು ನಾನೊಬ್ಬನೇ. ಆದ್ರೂ ಕನೆಕ್ಷನ್ ಮಿತಿ ಮೀರಿದೆ ಅಂತಿದೆ!”

ಅದು ವಿಂಡೋಸ್ ಸರ್ವರ್ 2003ರ ಕಾಲ. ಬೇರೆ ಲೈಸೆನ್ಸ್ ಕೊಳ್ಳದಿದ್ದರೆ ದೂರದಿಂದ ಎರಡೇ ಸೆಷನ್, ಅಂದರೆ ಒಂದು ಹೊತ್ತಿಗೆ ಎರಡೇ ಲಾಗಿನ್. ಅವೂ ಸರ್ವರ್ ನೋಡಿಕೊಳ್ಳುವ ಅಡ್ಮಿನ್‌ಗೆ, ಲೆಕ್ಕ ಬರೆಯೋಕಲ್ಲ. ಇವರು ಅದರಲ್ಲೇ ಟ್ಯಾಲಿ ನಡೆಸುತ್ತಿದ್ದರು. ಅದು ಬೇರೆ ಜಗಳ, ಬಿಡಿ.

ಇಂಥ ಹೊತ್ತಿಗೆಂದೇ ಆ ಎರಡರ ಲೆಕ್ಕಕ್ಕೆ ಸೇರದ ಕನ್ಸೋಲ್ ಬಾಗಿಲು ಇತ್ತು. ಅದರಿಂದ ಒಳಗೆ ಹೋಗಿ, ಯಾರ್ಯಾರು ಲಾಗಿನ್ ಆಗಿದ್ದಾರೆ ಅಂತ ತೋರಿಸುವ ‘ಕ್ವೆರಿ ಯೂಸರ್’ ಕಮಾಂಡ್ ಕೊಟ್ಟೆ. ಎರಡು ಹೆಸರು, ಎರಡರ ಮುಂದೂ ‘ಡಿಸ್ಕ್’. ಅಂದರೆ ಡಿಸ್ಕನೆಕ್ಟ್ ಆಗಿದೆ, ಮುಗಿದಿಲ್ಲ. ಇಬ್ಬರೂ ಲಾಗ್ ಆಫ್ ಮಾಡದೆ, ವಿಂಡೋದ ಮೂಲೆಯ ಕ್ರಾಸ್ ಒತ್ತಿ ಹೊರಟಿದ್ದರು. ಬಸ್ಸಿನ ಸೀಟಿಗೆ ಟವೆಲ್ ಹಾಕಿ ಟೀ ಕುಡಿಯೋಕೆ ಇಳಿದ ಹಾಗೆ. ಸಿಸ್ಟಂ ಎಣಿಸುವುದು ಟವೆಲ್‌ಗಳನ್ನು, ಮನುಷ್ಯರನ್ನಲ್ಲ.

2008ರ ಸರ್ವರ್‌ನಿಂದ ಈ ಲೆಕ್ಕ ಸ್ವಲ್ಪ ಸಡಿಲವಾಯಿತು. ಡಿಸ್ಕನೆಕ್ಟ್ ಆದ ಸೆಷನ್ ಆ ಎರಡರಲ್ಲಿ ಸೇರುವುದಿಲ್ಲ. ಆದರೆ ಅದರೊಳಗೆ ತೆರೆದಿಟ್ಟ ಟ್ಯಾಲಿ, ಎಕ್ಸೆಲ್ ಸುಮ್ನೆ ಮೆಮೊರಿ ತಿನ್ನುತ್ತಾ ಕೂತಿರುತ್ತವೆ.

ಜಾಸ್ತಿ ಜನ ಬೇಕಾದರೆ ರಿಮೋಟ್ ಡೆಸ್ಕ್‌ಟಾಪ್ ಸೇವೆ ಹಾಕಿ, ಸಿಎಎಲ್ ಅನ್ನುವ ಲೈಸೆನ್ಸ್ ಕೊಳ್ಳಬೇಕು. ಮೊದಲ 120 ದಿನ ಸಿಎಎಲ್ ಇಲ್ಲದಿದ್ದರೂ ನಡೆಯುತ್ತದೆ. ಎಷ್ಟೋ ಆಫೀಸಿನವರು ಎಲ್ಲ ಸರಿಯಿದೆ ಅಂದುಕೊಂಡು ಮರೆತುಬಿಡುತ್ತಾರೆ. ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಯಾರಿಗೂ ಬಾಗಿಲು ತೆರೆಯುವುದಿಲ್ಲ.

ಸಿಎಎಲ್‌ನಲ್ಲಿ ಎರಡು ಬಗೆ. ಕಂಪ್ಯೂಟರಿಗೊಂದು ಅನ್ನುವುದಾದರೆ ಕಾವಲು ಬಿಗಿ. ಹೊಸ ಕಂಪ್ಯೂಟರಿಗೆ ಮೊದಲ ಸಲ 90 ದಿನದ ತಾತ್ಕಾಲಿಕ ಚೀಟಿ, ಮುಂದಿನ ಸಲ ಲಾಗಿನ್ ಆದಾಗ ಖಾಯಂ ಚೀಟಿ. ಆ ಖಾಯಂ ಚೀಟಿಗೂ 52ರಿಂದ 89 ದಿನದೊಳಗೆ ಯಾವುದೋ ಒಂದು ಅವಧಿ ಬರೆದಿರುತ್ತದೆ. ಕೆಟ್ಟು ಮೂಲೆ ಸೇರಿದ ಕಂಪ್ಯೂಟರಿನ ಚೀಟಿ ಹಾಗೆ ತಾನಾಗೇ ಖಜಾನೆಗೆ ವಾಪಸ್ಸು ಬರುತ್ತದೆ. ಈ ಉಪಾಯ ನನಗೆ ಬಹಳ ಇಷ್ಟ. ಆಳಿಗೊಂದು ಅನ್ನುವುದಾದರೆ ಹತ್ತು ಕೊಂಡು ಹದಿನೈದು ಜನ ಬಂದರೂ ಸಾಮಾನ್ಯವಾಗಿ ತಡೆಯುವುದಿಲ್ಲ, ಬರೀ ಬರೆದಿಡುತ್ತದೆ. ತಡೆಯಲಿಲ್ಲ ಅಂದ ಮಾತ್ರಕ್ಕೆ ಲೈಸೆನ್ಸ್ ಇದೆ ಅಂತಲ್ಲ, ಅಲ್ವಾ? ಲೆಕ್ಕ ಕೇಳೋಕೆ ಬಂದಾಗ ಉತ್ತರ ಕೊಡಬೇಕಾದವರು ನೀವೇ.

ಇದೇನು ವಿಂಡೋಸ್‌ನವರು ಕಂಡುಹಿಡಿದ ಆಟವಲ್ಲ. ಡಿಜಿಟಲ್ ಕಂಪನಿಯ ಹಳೆಯ ಆಪರೇಟಿಂಗ್ ಸಿಸ್ಟಂ ವಿಎಂಎಸ್‌ನಲ್ಲಿ ಲೈಸೆನ್ಸ್ ಕಾಗದದ ಮೇಲಿನ ಸಂಖ್ಯೆಗಳನ್ನು ಟೈಪ್ ಮಾಡಬೇಕಿತ್ತು. ಜೊತೆಗೆ, ಅವು ಸರಿಯಿವೆಯೇ ಅಂತ ತಾಳೆ ನೋಡೋಕೊಂದು ಚೆಕ್‌ಸಮ್. ಯಾರಾದರೂ ಹತ್ತನ್ನು ನೂರು ಮಾಡಿದರೆ ಚೆಕ್‌ಸಮ್ ತಾಳೆಯಾಗದೆ ಸಿಕ್ಕಿಬೀಳುತ್ತಿದ್ದರು. ಮಿತಿ ಮೀರಿದರೆ ಲಾಗಿನ್ ಪ್ರೋಗ್ರಾಂ ಒಳಗೆ ಬಿಡುತ್ತಿರಲಿಲ್ಲ. ಆದರೆ ಯಂತ್ರದ ಪಕ್ಕದ ಕನ್ಸೋಲ್‌ನಲ್ಲಿ ಕೂತವರಿಗೆ ಮಾತ್ರ ಬಾಗಿಲು ತೆರೆದೇ ಇರುತ್ತಿತ್ತು. ಬೀಗ ಕೆಟ್ಟರೆ ಸರಿಮಾಡುವವನು ಒಳಗೆ ಹೋಗಲೇಬೇಕಲ್ಲ. ಲಿನಕ್ಸ್‌ನ ‘ಮ್ಯಾಕ್ಸ್‌ಲಾಗಿನ್ಸ್’ ಅನ್ನುವ ಲಾಗಿನ್ ಮಿತಿ ನೋಡೋಕೆ ಹೀಗೇ ಕಂಡರೂ ಅದು ಲೈಸೆನ್ಸ್ ಅಲ್ಲ, ಅಡ್ಮಿನ್ ತಾನೇ ಹಾಕಿಕೊಂಡ ನಿಯಮ.

ಆ ರಾತ್ರಿ ಲಾಗ್ ಆಫ್ ಮಾಡಿಸುವ ಮೊದಲು ಇಬ್ಬರಿಗೂ ಫೋನ್ ಮಾಡಿದೆ, ಸೇವ್ ಮಾಡಿದ್ದೀರಾ ಅಂತ. ಒಬ್ಬರು ಮಾಡಿದ್ದರು. ಇನ್ನೊಬ್ಬರು ಸ್ವಲ್ಪ ಹೊತ್ತು ಸುಮ್ಮನಿದ್ದು, “ತಡೀರಿ ಸರ್, ನಾನೇ ಬರ್ತೀನಿ” ಅಂದರು. ಮೊದಲನೆಯವರದನ್ನು ತೆಗೆದೆ. ಕೆಲಸಕ್ಕೆ ಅಷ್ಟು ಸಾಕಾಯಿತು. ಡಿಸ್ಕನೆಕ್ಟ್ ಆದ ಸೆಷನ್ ಎರಡು ಗಂಟೆಗೆ ತಾನಾಗೇ ಮುಗಿಯುವಂತೆ ಮರುದಿನ ಸೆಟ್ಟಿಂಗ್ ಹಾಕಿಕೊಟ್ಟೆ.