ಉಪಯೋಗಕ್ಕೆ ಬಾರದವಳು

ಆಪ್ತಸಮಾಲೋಚನೆಗೆಂದು ಬಂದವರಿಗೆ ನಾನು ಮೊದಲು ಹೇಳುವ ಮಾತು ಒಂದೇ: “ನಿಮ್ಮ ಬಗ್ಗೆ ಹೇಳಿ.” ಈ ಕೆಲಸಕ್ಕೆ ಬಂದು 19 ವರ್ಷವಾಯಿತು. ತಮ್ಮ ಬಗ್ಗೆಯೇ ಹೇಳಿದವರು ಕಡಿಮೆ. ಮಗಳ ಪಿಯುಸಿ, ಗಂಡನ ಕುಡಿತ, ತಮ್ಮನ ಸಾಲ, ಅತ್ತೆಯ ಸಕ್ಕರೆ ಕಾಯಿಲೆ ಎಂದು ಒಂದೊಂದಾಗಿ ಹೇಳುತ್ತಾ ಹೋಗುತ್ತಾರೆ. ಅರ್ಧ ಗಂಟೆ ಕಳೆದರೂ ಎದುರು ಕೂತ ವ್ಯಕ್ತಿ ಯಾರೆಂದು ನನಗೆ ತಿಳಿದಿರುವುದಿಲ್ಲ. ಎಷ್ಟೋ ಸಲ ಅವರಿಗೂ ತಿಳಿದಿರುವುದಿಲ್ಲ.

ಕರಾವಳಿಯ ಒಂದು ಹಳ್ಳಿಯಿಂದ ಬಂದಿದ್ದ ಒಬ್ಬ ಹೆಣ್ಣುಮಗಳ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಬರೆದದ್ದನ್ನು ಅವರೇ ಓದಿ ಒಪ್ಪಿದ್ದಾರೆ. ಕುವೈತಿನಲ್ಲಿ 14 ವರ್ಷ ನರ್ಸ್ ಆಗಿದ್ದವರು. ಆ ಸಂಬಳದಲ್ಲಿ ಊರಿನಲ್ಲಿ ಅಣ್ಣನ ತಾರಸಿ ಮನೆ ಎದ್ದಿತು, ತಂಗಿಯರಿಬ್ಬರ ಮದುವೆ ಆಯಿತು, ಅಪ್ಪನ ಹೃದಯದ ಆಪರೇಷನ್ ಆಯಿತು. ತಮ್ಮ ಮದುವೆ ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು. ಒಂದು ದಿನ ರೋಗಿಯನ್ನು ಎತ್ತಿ ಮಲಗಿಸುವಾಗ ಸೊಂಟದ ಡಿಸ್ಕ್ ಜಾರಿತು. ಕೆಲಸ ಹೋಯಿತು. 41ನೇ ವಯಸ್ಸಿನಲ್ಲಿ ಊರಿಗೆ ಬಂದು ಅಣ್ಣನ ಮನೆಯ ಹಿಂಬದಿ ಕೋಣೆಯಲ್ಲಿ ಮಲಗಿದರು.

“ನಿಮ್ಮ ಬಗ್ಗೆ ಹೇಳಿ” ಅಂದಾಗ ಆಕೆ ಬ್ಯಾಗಿನಿಂದ ತೆಗೆದದ್ದು ಹಳೆಯ ಆಸ್ಪತ್ರೆಯ ಐಡಿ ಕಾರ್ಡು. ದಾರದ ಸಮೇತ ಹಾಗೇ ಇತ್ತು. “ಇದು ನಾನು. ಈಗ ನಾನು ಯಾರಿಗೂ ಉಪಯೋಗ ಇಲ್ಲ ಅಕ್ಕಾ” ಅಂದರು.

ಆಗ ನಾನೊಂದು ತಪ್ಪು ಮಾಡಿದೆ. ಬೈಬಲ್ ತೆರೆದು, ದೇವರ ಕಣ್ಣಿಗೆ ನೀನು ಅಮೂಲ್ಯ ಎಂಬ ಪ್ರವಾದಿ ಯೆಶಾಯನ ಮಾತನ್ನು ಓದಿದೆ. ಆಕೆ ಸುಮ್ಮನೆ ಕೇಳಿಸಿಕೊಂಡು, “ಈ ವಾಕ್ಯ ನಾನೇ ಸಂಡೇ ಸ್ಕೂಲ್ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದು” ಅಂದರು. ನಾನು ಪುಸ್ತಕ ಮುಚ್ಚಿದೆ. ಗಾಯ ಎಷ್ಟು ಆಳವಿದೆ ಎಂದು ನೋಡದೆ ಮುಲಾಮು ಹಚ್ಚಲು ಹೋಗಿದ್ದೆ.

ಆಮೇಲಿನ ಮಾತುಗಳನ್ನು ಕೇಳಿದಾಗ ನನಗೆ ಭಯವಾಯಿತು. ಮೂರು ಗಂಟೆಗೇ ಎಚ್ಚರವಾಗುತ್ತದೆ, ಊಟ ಸೇರುವುದಿಲ್ಲ, “ಇದ್ದು ಏನು ಪ್ರಯೋಜನ” ಎಂದು ಅನ್ನಿಸುತ್ತದೆ. ಮೊದಲು ಮನೋವೈದ್ಯರ ಹತ್ತಿರ ಕಳುಹಿಸಿದೆ. ಮಾತ್ರೆ ಶುರುವಾಯಿತು. ಆಕೆಯ ಚರ್ಚಿನ ಸಭೆಯಲ್ಲಿ ಯಾರೋ, “ವಿಶ್ವಾಸ ಇದ್ದವರಿಗೆ ಮಾತ್ರೆ ಯಾಕೆ?” ಎಂದು ಕೇಳಿದರಂತೆ. ಇದನ್ನು ಕೇಳುವಾಗಲೆಲ್ಲ ನನಗೆ ಸಂಕಟವಾಗುತ್ತದೆ. ಸೊಂಟಕ್ಕೆ ಫಿಸಿಯೋಥೆರಪಿ ಮಾಡಿಸಿಕೊಳ್ಳುವುದು ಅವಿಶ್ವಾಸವಲ್ಲ ಎಂದಾದರೆ ಖಿನ್ನತೆಗೆ ಮಾತ್ರೆ ತಿನ್ನುವುದು ಹೇಗೆ ಅವಿಶ್ವಾಸವಾದೀತು? ಓದುತ್ತಿರುವವರಲ್ಲಿ ಯಾರಿಗಾದರೂ ಬದುಕು ಬೇಡ ಅನ್ನಿಸುತ್ತಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲಿಯೇ ಮಾತಾಡಬಹುದು. ಈ ಅಂಕಣವನ್ನು ಆಮೇಲೆ ಓದಿದರಾಯಿತು.

ನಿದ್ದೆ ತಹಬಂದಿಗೆ ಬಂದ ಮೇಲೆ ನಾವಿಬ್ಬರೂ ಕೂತು ಓದಿದ್ದು ಬೈಬಲಿನ ಒಂದು ಸಣ್ಣ ಪತ್ರ. ಮೊದಲ ಶತಮಾನದಲ್ಲಿ ಕ್ರಿಸ್ತನ ಸುವಾರ್ತೆ ಸಾರಿದ ಪೌಲನು ಫಿಲೆಮೋನನಿಗೆ ಬರೆದದ್ದು. ಇರುವುದು 25 ವಚನ, ಪೌಲನ ಪತ್ರಗಳಲ್ಲೇ ಚಿಕ್ಕದು. ಭಾನುವಾರದ ಪ್ರಸಂಗಗಳಲ್ಲಿ ಇದರ ಮೇಲೆ ಮಾತು ಕೇಳಿಬರುವುದು ಅಪರೂಪ. ಆಕೆಯೂ ಪೂರ್ತಿ ಓದಿರಲಿಲ್ಲ. ಬಾಯಿಪಾಠ ಆಗಿರದ ಭಾಗವೇ ನನಗೆ ಬೇಕಿತ್ತು.

ಕಥೆ ಇಷ್ಟು. ಫಿಲೆಮೋನ ಅನುಕೂಲಸ್ಥ ವಿಶ್ವಾಸಿ, ಅವನ ಮನೆಯಲ್ಲೇ ಸಭೆ ಕೂಡುತ್ತಿತ್ತು. ಅವನ ಆಳು, ಅಂದರೆ ಗುಲಾಮ, ಒನೇಸಿಮ ಹೇಗೋ ಮನೆಯಿಂದ ದೂರವಾಗಿ, ಸೆರೆಯಲ್ಲಿದ್ದ ಪೌಲನ ಬಳಿ ಸೇರಿ ಕ್ರಿಸ್ತನನ್ನು ನಂಬಿದ. ಪೌಲ ಅವನನ್ನು ಒಡೆಯನ ಮನೆಗೆ ಮರಳಿ ಕಳುಹಿಸುತ್ತಾ ಈ ಪತ್ರ ಬರೆದ. ಗುಲಾಮರಿಗೆ ಹೆಸರಿಡುತ್ತಿದ್ದದ್ದು ಎಷ್ಟೋ ಸಲ ಒಡೆಯರೇ. ಒನೇಸಿಮ ಎಂಬುದು ಆ ಕಾಲದ ಗುಲಾಮರಲ್ಲಿ ತೀರಾ ಸಾಮಾನ್ಯವಾದ ಹೆಸರು. ಅದರ ಅರ್ಥ “ಉಪಯೋಗಕ್ಕೆ ಬರುವವನು.”

ಈ ಅರ್ಥ ಹೇಳಿದಾಗ ಆಕೆ ತಲೆ ಎತ್ತಿ ನೋಡಿದರು.

ಮಗುವಿಗೆ ಯಾರೂ ಹಾಗೆ ಹೆಸರಿಡುವುದಿಲ್ಲ. ಒಡೆಯನಿಗೆ ಬೇಕಾದದ್ದು ದುಡಿಮೆ, ಆದ್ದರಿಂದ ಹೆಸರಿನಲ್ಲೂ ದುಡಿಮೆಯನ್ನೇ ಇಟ್ಟ. ರೋಮನ್ನರ ಕಾಲದ ಕಬ್ಬಿಣದ ಕೊರಳಪಟ್ಟಿಗಳು ಇಂದಿಗೂ ಉಳಿದಿವೆ, ಒನೇಸಿಮನಿಗಿಂತ ಕೆಲವು ಶತಮಾನ ಈಚಿನವು. ಒಂದರ ಮೇಲೆ, ನಾನು ಓಡಿಬಂದಿದ್ದೇನೆ, ಹಿಡಿಯಿರಿ, ಒಡೆಯನಿಗೆ ಒಪ್ಪಿಸಿದರೆ ಚಿನ್ನದ ನಾಣ್ಯ ಸಿಗುತ್ತದೆ ಎಂದು ಕೆತ್ತಿದ್ದಾರೆ. ಆ ಮನುಷ್ಯನ ಹೆಸರು ಅದರಲ್ಲಿಲ್ಲ, ಒಡೆಯನ ಹೆಸರಿದೆ.

ಪೌಲ ಆ ಹೆಸರನ್ನೇ ಹಿಡಿದು ಮಾತಾಡುತ್ತಾನೆ. ಮೊದಲು ಅವನು ನಿನಗೆ ನಿಷ್ಪ್ರಯೋಜಕನಾಗಿದ್ದ, ಈಗ ನಿನಗೂ ನನಗೂ ಪ್ರಯೋಜನವುಳ್ಳವನು ಎನ್ನುತ್ತಾನೆ. ಇಷ್ಟಕ್ಕೇ ನಿಂತಿದ್ದರೆ ಇದು ಒಳ್ಳೆಯ ಶಿಫಾರಸು ಪತ್ರವಾಗುತ್ತಿತ್ತು ಅಷ್ಟೆ, ಕೆಟ್ಟುಹೋದ ಆಳು ರಿಪೇರಿಯಾಗಿ ಬಂದಿದ್ದಾನೆ, ಇಟ್ಟುಕೊ ಎಂಬ ಹಾಗೆ. ಪೌಲ ಅಲ್ಲಿ ನಿಲ್ಲುವುದಿಲ್ಲ. ಸೆರೆಯಲ್ಲಿದ್ದಾಗ ನನಗೆ ಹುಟ್ಟಿದ ಮಗ ಎನ್ನುತ್ತಾನೆ. ನನ್ನ ಹೃದಯವನ್ನೇ ಕಳುಹಿಸುತ್ತಿದ್ದೇನೆ ಎನ್ನುತ್ತಾನೆ. ಮೂಲ ಗ್ರೀಕಿನಲ್ಲಿ ಇಲ್ಲಿರುವ ಪದಕ್ಕೆ ಹೃದಯಕ್ಕಿಂತ ಹತ್ತಿರವಾದ ಮಾತು ನಮ್ಮಲ್ಲಿದೆ: ಕರುಳು. ಹೆತ್ತ ಕರುಳು, ಕರುಳಕುಡಿ ಎನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊನೆಗೆ, ಇನ್ನು ಮೇಲೆ ಅವನನ್ನು ದಾಸನಂತಲ್ಲ, ಪ್ರಿಯ ಸಹೋದರನಂತೆ ಸೇರಿಸಿಕೊ ಎಂದು ಕೇಳುತ್ತಾನೆ. ನಷ್ಟವೇನಾದರೂ ಆಗಿದ್ದರೆ ನನ್ನ ಲೆಕ್ಕಕ್ಕೆ ಹಾಕು, ನಾನೇ ತೀರಿಸುತ್ತೇನೆ ಎಂದು ಸ್ವಂತ ಕೈಯಿಂದ ಬರೆದುಕೊಡುತ್ತಾನೆ.

ಕ್ರಿಸ್ತನಲ್ಲಿ ಬಿಡುಗಡೆ ಎಂದು ನಾವು ಹಾಡುವುದರ ತಿರುಳು ನನಗೆ ಕಂಡದ್ದು ಇಲ್ಲಿ. ಒನೇಸಿಮ ಪ್ರಯೋಜನವುಳ್ಳವನಾದ್ದರಿಂದ ಸಹೋದರನಾದದ್ದಲ್ಲ. ನಾಳೆ ಅವನ ಸೊಂಟ ಮುರಿದರೂ ಸಹೋದರನೇ. ಯೇಸುವಿನ ವಿಷಯದಲ್ಲೂ ಕ್ರಮ ಹೀಗೆಯೇ ಇದೆ. ಮಾರ್ಕನ ಸುವಾರ್ತೆಯಲ್ಲಿ ಯೊರ್ದನ್ ಹೊಳೆಯಿಂದ ಮೇಲಕ್ಕೆ ಬರುವಾಗ, ನೀನು ಪ್ರಿಯನಾಗಿರುವ ನನ್ನ ಮಗನು, ನಿನ್ನನ್ನು ಮೆಚ್ಚಿದ್ದೇನೆ ಎಂಬ ಧ್ವನಿ ಕೇಳಿಸುತ್ತದೆ. ಆಗ ಅವನು ಒಬ್ಬ ರೋಗಿಯನ್ನೂ ಗುಣಪಡಿಸಿರಲಿಲ್ಲ, ಒಂದು ಉಪದೇಶವನ್ನೂ ಮಾಡಿರಲಿಲ್ಲ. ಮೆಚ್ಚುಗೆ ಮೊದಲು ಬಂತು, ಕೆಲಸ ಆಮೇಲೆ.

ಪತ್ರಕ್ಕೆ ಇನ್ನೊಂದು ಮುಖವೂ ಇದೆ, ಅದನ್ನು ಮುಚ್ಚಿಡಲಾರೆ. ಪೌಲ ಗುಲಾಮಗಿರಿಯನ್ನು ತೆಗೆದುಹಾಕು ಎಂದು ನೇರವಾಗಿ ಬರೆಯಲಿಲ್ಲ. 19ನೇ ಶತಮಾನದ ಅಮೆರಿಕದಲ್ಲಿ, ತಪ್ಪಿಸಿಕೊಂಡ ಗುಲಾಮರನ್ನು ಒಡೆಯರಿಗೆ ಮರಳಿಸುವುದು ಸರಿ ಎಂದು ವಾದಿಸಿದವರು ಇದೇ ಪತ್ರವನ್ನು ಎತ್ತಿ ತೋರಿಸಿದರು. ಬಿಡುಗಡೆಯ ಮಾತಿನಿಂದಲೂ ನೊಗ ಮಾಡಬಲ್ಲವರು ಯಾವ ಕಾಲದಲ್ಲೂ ಇರುತ್ತಾರೆ.

ನಮ್ಮ ಸಭೆಗಳಲ್ಲೂ ಒಂದು ಸಣ್ಣ ನೊಗ ಉಂಟು, ಅದನ್ನು ನಾನು ಬಹಳ ತಡವಾಗಿ ಗಮನಿಸಿದೆ. “ಕರ್ತನೇ, ಇವಳನ್ನು ಬಲವಾಗಿ ಉಪಯೋಗಿಸು” ಎಂದು ನಾವು ಪ್ರಾರ್ಥಿಸುತ್ತೇವೆ. ಭಕ್ತಿಯಿಂದ ಆಡುವ ಮಾತು, ನಾನೂ ಎಷ್ಟೋ ಸಲ ಆಡಿದ್ದೇನೆ. ಆದರೆ ಜೀವನವಿಡೀ ಇನ್ನೊಬ್ಬರ ಉಪಯೋಗಕ್ಕೇ ಬಂದವಳ ಕಿವಿಗೆ ಅದು ಹೇಗೆ ಕೇಳಿಸುತ್ತದೆ? ಅಣ್ಣನಿಗೂ ಬೇಕು, ಆಸ್ಪತ್ರೆಗೂ ಬೇಕಿತ್ತು, ಈಗ ದೇವರೂ ಅದೇ ಸಾಲಿನಲ್ಲಿ ಬಂದು ನಿಂತ ಎಂದು. ಆಕೆ ನೋವು ನುಂಗಿಕೊಂಡೇ ಕಾಯಿರ್‌ನಲ್ಲಿ ನಿಂತು ಹಾಡುತ್ತಿದ್ದರು. ಸ್ತ್ರೀಯರ ಕೂಟಕ್ಕೆ ತಿಂಡಿ ಮಾಡಿ ಕೊಡುತ್ತಿದ್ದರು. ಬಿಟ್ಟರೆ ದೇವರಿಗೂ ಬೇಡವಾಗುತ್ತೇನೆ ಎಂಬ ಭಯ. ನಾನು ಕೊಟ್ಟ ಮೊದಲ ಮನೆಕೆಲಸ ಕೆಲಸವೇ ಇಲ್ಲದ್ದು: ನಾಲ್ಕು ಭಾನುವಾರ ಕೊನೆಯ ಬೆಂಚಿನಲ್ಲಿ ಕೂತು ಬನ್ನಿ, ಏನೂ ಮಾಡಬೇಡಿ. ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ರಾತ್ರಿಭೋಜನಕ್ಕೆ ಮಾತ್ರ ಮುಂದೆ ಹೋಗಿ ಕೈ ಚಾಚಿ. ಎರಡನೇ ಭಾನುವಾರ ಕೈ ನಡುಗಿತು ಎಂದು ಹೇಳಿದರು. ಕೊಟ್ಟು ಕೊಟ್ಟು ರೂಢಿಯಾದ ಕೈ, ಪಡೆಯುವುದಕ್ಕೆ ಗೊತ್ತಿರಲಿಲ್ಲ.

ಗುರುತು ಬದಲಾಗುವುದು ಸಲೀಸಲ್ಲ ಎಂಬುದಕ್ಕೆ ಮಂಗಳೂರಿನಲ್ಲಿ ಹಳೆಯ ಸಾಕ್ಷಿ ಇದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನಿನ ಕ್ರೈಸ್ತ ಪ್ರಚಾರಕರು ಇಲ್ಲಿಗೆ ಬಂದದ್ದು 1834ರಲ್ಲಿ. ಅವರ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತನಾದಾಗ ಊರೇ ಅಲ್ಲೋಲಕಲ್ಲೋಲವಾಯಿತು. ಮನೆ, ಬಂಧುಗಳು, ಜಾತಿ ಎಲ್ಲವೂ ಕೈಬಿಟ್ಟವು. ಮುಂದೆ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು ಇಲ್ಲಿಗೇ ಮರಳಿದರು. ಅವರು ಇತಿಹಾಸದಲ್ಲಿ ಉಳಿದಿರುವುದು ಹರ್ಮನ್ ಆನಂದರಾವ್ ಕೌಂಡಿನ್ಯ ಎಂದು. ಮಿಷನರಿ ಹರ್ಮನ್ ಮೋಗ್ಲಿಂಗರ ಹೆಸರು ಮುಂದೆ ಸೇರಿತು. ಹುಟ್ಟುಹೆಸರು ಹೋಗಲಿಲ್ಲ, ಗೋತ್ರದ ಹೆಸರೂ ಹೋಗಲಿಲ್ಲ. ನನಗೆ ಈ ಹೆಸರನ್ನು ಪೂರ್ತಿಯಾಗಿ ಬರೆಯುವುದೆಂದರೆ ಇಷ್ಟ. ಕ್ರಿಸ್ತನಲ್ಲಿ ಹೊಸಬರಾಗುವುದೆಂದರೆ ಹಿಂದಿನದನ್ನೆಲ್ಲ ಉಜ್ಜಿ ಅಳಿಸುವುದು ಎಂದುಕೊಂಡವರಿಗೆ ಇದನ್ನೇ ತೋರಿಸುತ್ತೇನೆ. ಅಷ್ಟು ಓದಿಲ್ಲದ, ಬಡವರಾದ ವಿಶ್ವಾಸಿಗಳಿಗೆ ಹೆಸರಿನ ಪ್ರಶ್ನೆಗಿಂತ ಹೊಟ್ಟೆಯ ಪ್ರಶ್ನೆ ದೊಡ್ಡದಿತ್ತು. ಜಾತಿ ಬಿಟ್ಟರೆ ಕಸುಬೂ ಹೋಗುತ್ತಿತ್ತು. ಮಿಷನಿನ ನೇಯ್ಗೆ ಕಾರ್ಖಾನೆ, 1865ರಲ್ಲಿ ಶುರುವಾದ ಹಂಚಿನ ಕಾರ್ಖಾನೆ ಅವರಿಗೆ ಅನ್ನ ಕೊಟ್ಟವು.

ಆಳು ಒಡೆಯ ಎಂಬ ಭೇದವಿಲ್ಲ ಎಂದು ಗಲಾತ್ಯದವರಿಗೆ ಬರೆದ ಪತ್ರವನ್ನು ಓದುವ ನಮ್ಮಲ್ಲಿ ಮದುವೆ ಮಾತುಕತೆ ಬಂದಾಗ ಮೆಲ್ಲಗೆ “ಅವರು ಮೊದಲು ಯಾವ ಜಾತಿ?” ಎಂದು ಕೇಳುವವರು ಇದ್ದಾರೆ. ಹಾಗೆ ಕೇಳಿಸಿಕೊಂಡ ಹುಡುಗ ಹುಡುಗಿಯರು ನನ್ನೆದುರು ಅತ್ತಿದ್ದಾರೆ. ದೀಕ್ಷಾಸ್ನಾನದ ನೀರಿಗೆ ಆಗುವ ಅವಮಾನ ಇದಕ್ಕಿಂತ ದೊಡ್ಡದು ನನಗೆ ಗೊತ್ತಿಲ್ಲ.

ಆಕೆಯ ವಿಷಯಕ್ಕೆ ಬರುತ್ತೇನೆ. ಹಲವು ವಾರಗಳ ನಂತರ ನಾವು ಸಿಕ್ಕಿಹಾಕಿಕೊಂಡದ್ದು ಒಂದು ಪದದಲ್ಲಿ. ರೋಮಾಪುರದವರಿಗೆ ಬರೆದ ಪತ್ರದಲ್ಲಿ, ದಾಸನ ಭಾವವಲ್ಲ, ಮಗನ ಭಾವ ಹೊಂದಿದ್ದೀರಿ, ಆ ಭಾವದಿಂದ “ಅಪ್ಪಾ, ತಂದೆಯೇ” ಎಂದು ಕೂಗುತ್ತೇವೆ ಎಂದಿದೆ. ಮೂಲದಲ್ಲಿರುವುದು ಅರಾಮಿಕ್ ಭಾಷೆಯ ‘ಅಬ್ಬಾ.’ ನಮ್ಮ ಕಿವಿಗೆ ಅದು ಮನೆಯ ಮಾತಿನ ಹಾಗೇ ಕೇಳಿಸುತ್ತದೆ. ನನಗೆ ಪ್ರಿಯವಾದ ಈ ಪದ ಆಕೆಯ ಗಂಟಲಲ್ಲಿ ನಿಂತುಬಿಟ್ಟಿತು. “ಅಪ್ಪ ಫೋನ್ ಮಾಡ್ತಿದ್ದದ್ದು ತಿಂಗಳ ಮೊದಲ ವಾರ ಮಾತ್ರ” ಅಂದರು.

ಇಂಥ ಕಡೆ ಆತುರ ಮಾಡಬಾರದು ಎಂದು ನನ್ನ ಜೊತೆ ಕೆಲಸ ಮಾಡುವ ಕಿರಿಯರಿಗೆ ಹೇಳುತ್ತೇನೆ. ದೇವರನ್ನು ತಂದೆ ಎನ್ನಿ ಎಂದು ಒತ್ತಾಯಿಸಿದರೆ, ಮನೆಯ ತಂದೆಯ ಮುಖವನ್ನೇ ದೇವರಿಗೆ ಅಂಟಿಸಿಕೊಂಡು ಹೋಗುತ್ತಾರೆ. ನಾನು ರೋಮನ್ನರ ದತ್ತು ಪದ್ಧತಿಯ ವಿಷಯ ಹೇಳಿದೆ. ಪೌಲನ ಓದುಗರಿಗೆ ದತ್ತು ಎಂದರೆ ಕೂಸನ್ನು ತೊಟ್ಟಿಲಿನಿಂದ ಎತ್ತಿಕೊಳ್ಳುವುದಷ್ಟೇ ಆಗಿರಲಿಲ್ಲ. ಬೆಳೆದ ಗಂಡಸರನ್ನೇ ದತ್ತು ತೆಗೆದುಕೊಳ್ಳುತ್ತಿದ್ದರು. ಅಗಸ್ಟಸ್ ಚಕ್ರವರ್ತಿ ತಿಬೇರಿಯಸನನ್ನು ದತ್ತು ಪಡೆದಾಗ ಅವನಿಗೆ 40 ದಾಟಿತ್ತು. ದತ್ತು ಹೋದವನಿಗೆ ಹೊಸ ತಂದೆಯ ಹೆಸರೂ ಆಸ್ತಿಯ ಹಕ್ಕೂ ಬರುತ್ತಿದ್ದವು. “ನಲವತ್ತರ ಮೇಲೂ ಆಗ್ತದಾ?” ಎಂದು ಆಕೆ ಕೇಳಿದರು. ಆಗುತ್ತದೆ ಅಂದೆ. ಆ ದಿನ ಪ್ರಾರ್ಥನೆಯಲ್ಲಿ ಆಕೆ ಯಾವ ಹೆಸರನ್ನೂ ಹೇಳಲಿಲ್ಲ, ಸ್ವಲ್ಪ ಹೊತ್ತು ಸುಮ್ಮನೆ ಇದ್ದರು. ನನಗೆ ಅದೇ ಸಾಕಿತ್ತು.

ಬಿಡುಗಡೆ ಮೊದಲು ಕಾಣಿಸಿದ್ದು ಹಣದ ವಿಷಯದಲ್ಲಿ. ಉಳಿದಿದ್ದ ಚಿನ್ನವನ್ನು ಅಡವಿಟ್ಟು ಅಂಗಡಿಗೆ ದುಡ್ಡು ಕೊಡು ಎಂದು ಅಣ್ಣ ಕೇಳುತ್ತಿದ್ದರು. 14 ವರ್ಷ ಒಮ್ಮೆಯೂ ಇಲ್ಲ ಎಂದವರಲ್ಲ. ಮೂರು ಸಲ ನನ್ನೆದುರು ಹೇಳಿ ಅಭ್ಯಾಸ ಮಾಡಿಕೊಂಡು ಹೋಗಿ, “ಇಲ್ಲ ಅಣ್ಣಾ, ಅದು ನನ್ನ ಔಷಧಕ್ಕೆ” ಅಂದರಂತೆ. ಅಣ್ಣ ಮಾತು ಬಿಟ್ಟರು. ಮೊದಲಿನವರಾಗಿದ್ದರೆ ಎರಡು ದಿನ ತಡೆಯಲಾರದೆ ಬಳೆ ತೆಗೆದು ಕೊಟ್ಟುಬಿಡುತ್ತಿದ್ದರು. ಈ ಸಲ ಕೊಡಲಿಲ್ಲ. ದ್ವೇಷವನ್ನೂ ಬೆಳೆಸಲಿಲ್ಲ. ಪಕ್ಕದ ಮನೆಯ ಅಜ್ಜಿಯ ಕಾಲಿನ ಹುಣ್ಣಿಗೆ ದಿನಕ್ಕೊಮ್ಮೆ ಡ್ರೆಸ್ಸಿಂಗ್ ಮಾಡಲು ತಾವಾಗಿಯೇ ಹೋಗತೊಡಗಿದರು. ನೋವಿದ್ದ ದಿನ, ಇವತ್ತು ಆಗುವುದಿಲ್ಲ ಎಂದು ಹೇಳಿ ಕಳುಹಿಸುತ್ತಿದ್ದರು. ಸ್ವಾತಂತ್ರ್ಯವನ್ನು ಸ್ವಾರ್ಥಕ್ಕೆ ಬಳಸದೆ ಪ್ರೀತಿಯಿಂದ ಒಬ್ಬರಿಗೊಬ್ಬರು ಸೇವೆ ಮಾಡಿ ಎಂದು ಪೌಲ ಗಲಾತ್ಯದವರಿಗೆ ಹೇಳಿದ್ದು ಇಂಥ ಸೇವೆಯನ್ನೇ ಎಂದು ನಾನು ನಂಬಿದ್ದೇನೆ. ಇಲ್ಲ ಎನ್ನಲು ಬಾರದವಳ ಹೌದು ಎಂಬುದರಲ್ಲಿ ಆಕೆಯದೆಂಬುದು ಏನಿತ್ತು?

ಅಣ್ಣ ಈಗಲೂ ಪೂರ್ತಿ ಸರಿಹೋಗಿಲ್ಲ. ಸೊಂಟನೋವೂ ಇದೆ. ಊಟ ಮಾಡಿ ಸುಮ್ಮನೆ ಇರುವವರನ್ನು ನಮ್ಮ ಕಡೆ ಕೂತು ತಿನ್ನುವವರು ಎನ್ನುತ್ತಾರೆ, ಅದಕ್ಕಿಂತ ದೊಡ್ಡ ಬೈಗುಳ ಆಕೆಗಿರಲಿಲ್ಲ. ಹಾಗಾಗಿ ಹಗಲು ಹೊತ್ತು ಹಿಂಬದಿ ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ಹೋದ ತಿಂಗಳು ಫೋನ್ ಮಾಡಿದ್ದರು. ಬೆಳಿಗ್ಗೆ ಹತ್ತು ಗಂಟೆಗೆ ಚಾ ಹಿಡಿದುಕೊಂಡು ಎದುರಿನ ಜಗಲಿಯಲ್ಲಿ ಕೂತಿದ್ದರಂತೆ. ದಾರಿಯಲ್ಲಿ ಹೋಗುತ್ತಿದ್ದವರು ಯಾರೋ ಗೇಟಿನ ಹತ್ತಿರ ನಿಂತು, “ಏನು ಮಾಡ್ತಾ ಇದ್ದೀ?” ಎಂದು ಕೇಳಿದರಂತೆ.

“ಏನಿಲ್ಲ, ಕೂತಿದ್ದೇನೆ ಅಂದೆ ಅಕ್ಕಾ” ಅಂದರು.